ಲೈನರ್ ತೂತಾದ ಮೇಲೆ ಕೂಲಂಟ್ ಹುಡುಕಿದ ಕಥೆ: ಒಂದು ಹಳೇ ಡೀಸೆಲ್ ಗಾಡಿಯ ಪ್ರಕರಣ ಅಧ್ಯಯನ

ಡಿಪ್‌ಸ್ಟಿಕ್‌ನಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ನಮಗೆ ಗೊತ್ತಾಗಿದ್ದೇ ಅಲ್ಲಿಂದ. ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ತಮ್ಮ ಆಯಿಲ್ ನೋಡಿದ್ರೆ ಮಟ್ಟ ಕೆಳಗಿಳಿಯೋ ಬದಲು ಮೇಲೆ ಬಂದಿತ್ತು. ಹಿಂದಿನ ವಾರ ಹಾಕಿದ್ದಲ್ಲ, ಒಂದು ಹನಿನೂ ಸೇರಿಸಿರ್ಲಿಲ್ಲ. ಫೋನ್ ಮಾಡಿ "ಅಣ್ಣ, ಆಯಿಲ್ ಜಾಸ್ತಿ ಆಗಿದೆ, ಇದು ಒಳ್ಳೇದೋ ಕೆಟ್ಟದ್ದೋ" ಅಂದ. ಸ್ಟಾರ್ಟ್ ಮಾಡ್ಬೇಡ, ಹಾಗೇ ಬಿಡು ಅಂದೆ. ಆಮೇಲೆ ಮೇಸ್ತ್ರಿ ಬಂದು ಸಂಪ್‌ನ, ಅಂದ್ರೆ ಎಂಜಿನ್ ತಳದ ಆಯಿಲ್ ತೊಟ್ಟಿಯ, ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲ ಮಾಡಿದ್ರೆ ಮೊದಲು ಬಂದಿದ್ದು ಆಯಿಲ್ ಅಲ್ಲ, ಕಂದು ಬಣ್ಣದ ನೀರು. ರಾತ್ರಿಯೆಲ್ಲ ನಿಂತಿದ್ರಿಂದ ಕೂಲಂಟ್, ಅಂದ್ರೆ ಎಂಜಿನ್ ತಣ್ಣಗಿಡೋ ದ್ರವ, ಕೆಳಗೆ ಕೂತಿತ್ತು, ಅದರ ಮೇಲೆ ಆಯಿಲ್. ಆವತ್ತು ಅವನು ಸ್ಟಾರ್ಟ್ ಮಾಡಿದ್ದಿದ್ರೆ ಎಂಜಿನ್‌ಗೆ ಇನ್ನೂ ದೊಡ್ಡ ಪೆಟ್ಟು ಬೀಳ್ತಿತ್ತು.

ಗಾಡಿ ಬಗ್ಗೆ ಸ್ವಲ್ಪ ಹೇಳ್ಬೇಕು, ಇಲ್ಲಾಂದ್ರೆ ಮುಂದಿನ ಲೆಕ್ಕ ಅರ್ಥ ಆಗಲ್ಲ. ಆರು ಸಿಲಿಂಡರ್ ಡೀಸೆಲ್ ಎಂಜಿನ್, ಬ್ಲಾಕ್ ಎರಕದ ಕಬ್ಬಿಣ, ರೇಡಿಯೇಟರ್ ಹಳೇ ಕಾಲದ ತಾಮ್ರ ಹಿತ್ತಾಳೆದು, ಕೂಲಿಂಗ್ ಸಿಸ್ಟಮ್‌ಗೆ ಒಟ್ಟು 24 ಲೀಟರ್ ಹಿಡಿಯತ್ತೆ. ಎಲ್ಲಕ್ಕಿಂತ ಮುಖ್ಯ, ಇದು ವೆಟ್ ಲೈನರ್ ಎಂಜಿನ್. ಅಂದ್ರೆ ಪಿಸ್ಟನ್ ಓಡಾಡೋ ಕೊಳವೆ ಬ್ಲಾಕ್‌ನಲ್ಲೇ ಕೊರೆದಿದ್ದಲ್ಲ, ಬೇರೆ ತಂದು ಕೂರಿಸಿದ್ದು, ಅದರ ಹೊರಮೈಗೆ ಕೂಲಂಟ್ ನೇರವಾಗಿ ತಾಗ್ತಾ ಇರತ್ತೆ. ಹೆಚ್ಚಿನ ಡೀಸೆಲ್ ಕಾರುಗಳಲ್ಲಿ ಹೀಗಿರಲ್ಲ, ಲಾರಿ, ಬಸ್ಸು, ಜನರೇಟರ್, ಟ್ರ್ಯಾಕ್ಟರ್ ತರದ ದೊಡ್ಡ ಎಂಜಿನ್‌ಗಳಲ್ಲಿ ಇದು ಸಾಮಾನ್ಯ. ನಾನು ಈ ವ್ಯತ್ಯಾಸ ಆ ತನಕ ಯೋಚನೆನೇ ಮಾಡಿರ್ಲಿಲ್ಲ, ಕೂಲಂಟ್ ಅಂದ್ರೆ ಕೂಲಂಟ್ ಅಷ್ಟೇ ಅನ್ಕೊಂಡಿದ್ದೆ.

ಎಲ್ಲರೂ ಮೊದಲು ಹೇಳಿದ್ದು ಹೆಡ್ ಗ್ಯಾಸ್ಕೆಟ್, ಅಂದ್ರೆ ಬ್ಲಾಕ್‌ಗೂ ಅದರ ಮೇಲಿನ ಮುಚ್ಚಳಕ್ಕೂ (ಹೆಡ್) ನಡುವಿನ ಸೀಲು, ಹೋಗಿದೆ ಅಂತ. ಮೇಸ್ತ್ರಿ ಮಾತ್ರ ಅವಸರ ಪಡಲಿಲ್ಲ. ಆಯಿಲ್ ಪೂರ್ತಿ ಇಳಿಸಿ, ಸಂಪ್ ಬಿಚ್ಚಿ, ರೇಡಿಯೇಟರ್ ಬಾಯಿಗೆ ಕೈ ಪಂಪ್ ಹಾಕಿ ಒಂದು ಬಾರ್ ಒತ್ತಡ ಕೊಟ್ಟು ಗಾಡಿ ಕೆಳಗೆ ಮಲಗಿ ಟಾರ್ಚ್ ಹಿಡಿದ್ರು. ಸ್ವಲ್ಪ ಹೊತ್ತಾದ ಮೇಲೆ ಮೂರನೇ ಸಿಲಿಂಡರ್ ಒಳಗೋಡೆಯಲ್ಲಿ ಬೆವರು ಬಂದಂಗೆ ನೀರಿನ ಹನಿ, ಅದು ದಪ್ಪ ಆಗಿ ಕೆಳಗೆ ಜಾರ್ತು. ಗ್ಯಾಸ್ಕೆಟ್ ಅಲ್ಲ, ಲೈನರ್‌ಗೇ ತೂತು.

ಹೆಡ್ ಬಿಚ್ಚಿ ಲೈನರ್ ಹೊರಗೆ ತೆಗೆದು ಮೇಸ್ತ್ರಿ ನನ್ನ ಕೈಗೆ ಕೊಟ್ರು. ಅದನ್ನ ನೋಡಿ ನನಗೆ ನಿಜವಾಗ್ಲೂ ಸಂಕಟ ಆಯ್ತು. ಹೊರಮೈಯ ಒಂದೇ ಪಕ್ಕದಲ್ಲಿ, ಮೇಲಿಂದ ಕೆಳಗೆ ಒಂದು ಪಟ್ಟಿ ತರ, ಗೆದ್ದಲು ತಿಂದ ಮರದಂಗೆ ಸಣ್ಣ ಸಣ್ಣ ಗುಳಿಗಳು, ಒಂದೆರಡು ಗುಳಿ ಆರಪಾರ ಆಗಿದ್ವು, ಗುಂಡುಪಿನ್ ತೂರೋ ಅಷ್ಟು. ಅದರ ಪಕ್ಕದ ಭಾಗವೆಲ್ಲ ನುಣ್ಣಗೆ ಚೆನ್ನಾಗೇ ಇತ್ತು. "ಇದು ಬರೀ ತುಕ್ಕಲ್ಲ ಸಾರ್, ತುಕ್ಕಾಗಿದ್ರೆ ಸುತ್ತಲೂ ಹಿಡೀತಿತ್ತು, ಇದು ಪಿಸ್ಟನ್ ಒದೆಯೋ ಕಡೆ ಮಾತ್ರ ಇದೆ ನೋಡಿ" ಅಂದ್ರು ಮೇಸ್ತ್ರಿ. ಉಳಿದ ಐದು ಲೈನರ್‌ಗಳಲ್ಲೂ ಅದೇ ಪಟ್ಟಿ ಶುರುವಾಗಿತ್ತು, ತೂತು ಬಿದ್ದಿರ್ಲಿಲ್ಲ ಅಷ್ಟೇ.

ಇದಕ್ಕೆ ಕ್ಯಾವಿಟೇಶನ್ ಅಂತಾರೆ. ಸಿಲಿಂಡರ್ ಒಳಗೆ ಡೀಸೆಲ್ ಉರಿದಾಗ ಪಿಸ್ಟನ್ ಕೆಳಗೆ ಹೋಗೋದ್ರ ಜೊತೆಗೆ ಪಕ್ಕಕ್ಕೂ ವಾಲಿ ಲೈನರ್ ಗೋಡೆಗೆ ಬಡಿಯತ್ತೆ, ಆ ಪೆಟ್ಟಿಗೆ ಲೈನರ್ ಗಂಟೆ ಹೊಡೆದಂಗೆ ಅದುರತ್ತೆ. ಗೋಡೆ ಕೂಲಂಟ್‌ನಿಂದ ಸರ್ರನೆ ಹಿಂದಕ್ಕೆ ಹೋದಾಗ ಅಲ್ಲಿ ಒತ್ತಡ ಕುಸಿದು ಆವಿಯ ಸಣ್ಣ ಗುಳ್ಳೆ ಹುಟ್ಟತ್ತೆ, ಗೋಡೆ ವಾಪಸ್ ಬಂದಾಗ ಗುಳ್ಳೆ ಒಳಕ್ಕೆ ಕುಸಿದು ಒಡೆಯತ್ತೆ. ಒಂದು ಗುಳ್ಳೆ ಏನೂ ಅಲ್ಲ, ಆದ್ರೆ ಎಂಜಿನ್ ಓಡೋ ಅಷ್ಟು ಹೊತ್ತೂ ಅದೇ ಜಾಗಕ್ಕೆ ಸುತ್ತಿಗೆ ಏಟು ಬೀಳ್ತಾನೇ ಇದ್ರೆ ಮೇಲ್ಮೈ ಮೇಲಿನ ರಕ್ಷಣೆಯ ಪದರ ಕಿತ್ತು ಹೋಗಿ ಬರೀ ಕಬ್ಬಿಣ ಕೂಲಂಟ್‌ಗೆ ಸಿಗತ್ತೆ, ಆಮೇಲೆ ಏಟೂ ತುಕ್ಕೂ ಸೇರ್ಕೊಂಡು ಕೊರೀತಾ ಹೋಗ್ತವೆ. ಡೀಸೆಲ್‌ನಲ್ಲಿ ಉರಿಯೋ ಹೊಡೆತ ಜೋರು, ಅದಕ್ಕೇ ಇದು ದೊಡ್ಡ ಡೀಸೆಲ್‌ನ ಕಾಯಿಲೆ.

ಹಾಗಾದ್ರೆ ವೆಟ್ ಲೈನರ್ ಎಂಜಿನ್‌ಗಳೆಲ್ಲ ಯಾಕೆ ತೂತು ಬೀಳಲ್ಲ ಅಂದ್ರೆ, ಸರಿಯಾದ ಕೂಲಂಟ್‌ನಲ್ಲಿ ಸಾಮಾನ್ಯವಾಗಿ ನೈಟ್ರೈಟ್ ಅಥವಾ ನೈಟ್ರೈಟ್ ಜೊತೆ ಮಾಲಿಬ್ಡೇಟ್ ಅನ್ನೋ ಲವಣ ಇರತ್ತೆ. ಅದು ಲೈನರ್ ಮೇಲೆ ತೆಳ್ಳನೆ ಗಟ್ಟಿ ಪದರ ಕಟ್ಟತ್ತೆ, ಗುಳ್ಳೆ ಒಡೆದು ಪದರ ಹರಿದ್ರೆ ತಕ್ಷಣ ಮತ್ತೆ ಕಟ್ಟತ್ತೆ. ಹಾಗೆ ಕಟ್ತಾ ಕಟ್ತಾ ನೈಟ್ರೈಟ್ ಖರ್ಚಾಗತ್ತೆ. ಕೂಲಂಟ್ ಬಣ್ಣ ಹಂಗೇ ಇರತ್ತೆ, ಮಟ್ಟ ಹಂಗೇ ಇರತ್ತೆ, ಒಳಗಿರೋ ಕಾವಲುಗಾರ ಮಾತ್ರ ಹೋಗಿರ್ತಾನೆ.

ನಮ್ಮ ಗಾಡಿಗೆ ಏನು ಹಾಕಿದ್ವಿ ಅಂತ ತಮ್ಮನ ಜೊತೆ ಕೂತು ಹಿಂದಿನದೆಲ್ಲ ನೆನಪಿಸಿಕೊಂಡು ಬರೆದೆ. ಗಾಡಿ ನಮ್ಮ ಕೈಗೆ ಬಂದಾಗ ಹಸಿರು ಕೂಲಂಟ್ ಇತ್ತು. ಮೊದಲ ವರ್ಷ ಕಮ್ಮಿ ಆದಾಗಲೆಲ್ಲ ನಲ್ಲಿ ನೀರು. ಆಮೇಲೆ ಯಾರೋ ಹಸಿರಿಗೆ ಹಸಿರೇ ಹಾಕ್ಬೇಕು ಅಂದ್ರು ಅಂತ ಕಾರಿಗೆ ಬರೋ ಹಸಿರು ಕ್ಯಾನ್ ಎರಡು. ಕೊನೆಗೆ ಲಾಂಗ್ ಲೈಫ್ ಅಂತ ಬರೆದಿದ್ದ ಕಿತ್ತಳೆ ಬಣ್ಣದ್ದು, ಅದೂ ಕಾರಿನದೇ. ಇಷ್ಟೂ ಒಂದರ ಮೇಲೊಂದು ಸುರಿದಿದ್ದು, ನಡುವೆ ಒಂದ್ಸಲನೂ ಪೂರ್ತಿ ಇಳಿಸಿ ತೊಳೆದಿರ್ಲಿಲ್ಲ. ಮೂರು ವರ್ಷದಲ್ಲಿ ಯಾರೂ ನೈಟ್ರೈಟ್ ಅಳೆದಿರ್ಲಿಲ್ಲ, ಅಳೆಯೋಕೆ ಅದರಲ್ಲಿ ಏನೂ ಉಳಿದೂ ಇರ್ಲಿಲ್ಲ. ಉಳಿದಿದ್ದ ಕೂಲಂಟ್‌ಗೆ ಸ್ಟ್ರಿಪ್ (ಬಣ್ಣ ಬದಲಾಗಿ ಪ್ರಮಾಣ ತೋರಿಸೋ ಪರೀಕ್ಷೆ ಪಟ್ಟಿ) ಅದ್ದಿ ನೋಡಿದ್ರೆ ನೈಟ್ರೈಟ್ ಚೌಕ ಬಣ್ಣನೇ ತಿರುಗಲಿಲ್ಲ.

ಇನ್ನೊಂದು ತಪ್ಪು ರೇಡಿಯೇಟರ್ ಕ್ಯಾಪ್‌ದು. ಅದರ ರಬ್ಬರ್ ವಾಷರ್ ಒಣಗಿ ಸೀಳಿತ್ತು, ಟೆಸ್ಟರ್‌ಗೆ ಹಾಕಿದ್ರೆ ಒತ್ತಡ ಹಿಡಿಯಲೇ ಇಲ್ಲ. ಕ್ಯಾಪ್ ಒತ್ತಡ ಹಿಡಿಯೋದು ಕುದಿಯೋ ಬಿಂದು ಮೇಲೇರಿಸೋಕೆ ಅಂತ ಎಲ್ಲರಿಗೂ ಗೊತ್ತು, ಗ್ಲೈಕಾಲ್ (ಕೂಲಂಟ್‌ನ ಮುಖ್ಯ ದ್ರವ) ಮತ್ತೆ ನೀರಿನ ಅರ್ಧಕ್ಕರ್ಧ ಮಿಶ್ರಣ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿದ್ರೆ ಒಂದು ಬಾರ್ ಕ್ಯಾಪ್ ಇದ್ದಾಗ 129 ರ ಹತ್ತಿರ ಹೋಗತ್ತೆ. ಆದ್ರೆ ಅದೇ ಒತ್ತಡ ಲೈನರ್ ಪಕ್ಕ ಗುಳ್ಳೆ ಹುಟ್ಟೋದನ್ನೂ ತಡೆಯತ್ತೆ ಅನ್ನೋದು ನನಗೆ ಹೊಸದು. ಕ್ಯಾಪ್ ಸತ್ತಿದ್ದು, ಮಟ್ಟ ಕಮ್ಮಿ ಆಗಿ ಗಾಳಿ ಸೇರಿದ್ದು, ನೈಟ್ರೈಟ್ ಇಲ್ಲದ್ದು, ಮೂರೂ ಒಟ್ಟಿಗೆ ಬಂದ್ರೆ ಲೈನರ್ ಉಳಿಯೋದು ಹೇಗೆ.

ಹೊಸ ಲೈನರ್ ಸೆಟ್ಟು, ಪಿಸ್ಟನ್, ಬೇರಿಂಗ್ ಎಲ್ಲ ಆಯ್ತು. ಈಗ ಅಸಲಿ ಪ್ರಶ್ನೆ, ಯಾವ ಕೂಲಂಟ್.

ತಮ್ಮನಿಗೆ ಒಂದೇ ಆಸೆ, ಅವನ ಹೊಸ ಡೀಸೆಲ್ ಕಾರಿಗೂ ಈ ಗಾಡಿಗೂ ಒಂದೇ ಕ್ಯಾನ್ ತರೋಣ ಅಂತ. ಆಸೆ ತಪ್ಪಲ್ಲ, ಮನೇಲಿ ಒಂದೇ ಕ್ಯಾನ್ ಇದ್ರೆ ತಪ್ಪಿ ಬೇರೆದು ಹಾಕೋ ಭಯ ಇರಲ್ಲ. ಆದ್ರೆ ಎರಡರ ಹೊಟ್ಟೆ ಬೇರೆ. ಕಾರಿನ ರೇಡಿಯೇಟರ್, ಹೆಡ್ ಎಲ್ಲ ಅಲ್ಯುಮಿನಿಯಂ, ಲೈನರ್ ವೆಟ್ ಅಲ್ಲ. ನೈಟ್ರೈಟ್ ಅಲ್ಯುಮಿನಿಯಂ ಜೊತೆ ಸೇರಿದ್ರೆ ಬೇಗ ಖರ್ಚಾಗಿ ಅಮೋನಿಯಾ ಆಗತ್ತೆ, ಪಿಎಚ್ (ಕ್ಷಾರದ ಅಳತೆ) ಏರತ್ತೆ, ಏರಿದ ಪಿಎಚ್ ಅಲ್ಯುಮಿನಿಯಂನೇ ತಿನ್ನತ್ತೆ. ಹಂಗಾಗಿ ಈ ಗಾಡಿಗೆ ಪ್ರಾಣ ಕೊಡೋದೇ ಆ ಕಾರಿಗೆ ಆಗಿಬರಲ್ಲ. ಕಾರಿಗೆ ಅದರ ಮ್ಯಾನುಯಲ್‌ನಲ್ಲಿರೋ ನೈಟ್ರೈಟ್ ಇಲ್ಲದ್ದೇ ಇರ್ಲಿ ಅಂತ ಆ ಮಾತು ಅಲ್ಲಿಗೆ ಮುಗಿಸಿದ್ವಿ.

ಬಣ್ಣದ ವಿಷಯ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮನ್ನ ಹಾಳು ಮಾಡಿದ್ದು ಇದೇ. ಕೂಲಂಟ್ ಬಣ್ಣ ಬರೀ ಡೈ, ಸೋರಿದ್ರೆ ಕಾಣಲಿ ಅಂತ, ಒಂದು ಕಂಪನಿ ತನ್ನದನ್ನ ತಾನು ಗುರುತಿಸಲಿ ಅಂತ ಹಾಕಿದ್ದು. ಎಲ್ಲ ಕಂಪನಿಗೂ ಅನ್ವಯ ಆಗೋ ಬಣ್ಣದ ನಿಯಮ ಇಲ್ಲ. ಹಸಿರು ಅಂದ್ರೆ ಹಳೇ ಸಿಲಿಕೇಟ್ ಇರೋ ಐಎಟಿ (ಅಜೈವಿಕ ಲವಣಗಳಿಂದ ತುಕ್ಕು ತಡೆಯೋ ಬಗೆ) ಆಗಿರಬಹುದು, ಫಾಸ್ಫೇಟ್ ಇರೋ ಹೊಸ ಓಎಟಿನೂ (ಸಾವಯವ ಆಮ್ಲದ ಲವಣಗಳಿಂದ ತಡೆಯೋ ಬಗೆ) ಆಗಿರಬಹುದು. ಗುಲಾಬಿ, ಕೆಂಪು, ನೇರಳೆ, ಹಳದಿ ಎಲ್ಲದರ ಕಥೆನೂ ಅಷ್ಟೇ. ನಮ್ಮ ಎರಡು ಹಸಿರು ಕ್ಯಾನ್‌ಗೂ ಮೊದಲಿದ್ದ ಹಸಿರಿಗೂ ಬಣ್ಣ ಒಂದೇ, ಒಳಗಿನದು ಬೇರೆ.

ನೋಡ್ಬೇಕಾಗಿದ್ದು ಕ್ಯಾನ್ ಹಿಂದಿನ ಸಣ್ಣ ಅಕ್ಷರ. ಎಎಸ್‌ಟಿಎಂ (ಗುಣಮಟ್ಟದ ಮಾನದಂಡ ಹೊರಡಿಸೋ ಸಂಸ್ಥೆ) ಡಿ 3306 ಅಂತ ಮಾತ್ರ ಇದ್ರೆ ಅದು ಕಾರು ಮತ್ತೆ ಹಗುರ ಗಾಡಿಯ ಕೂಲಂಟ್. ಡಿ 4985 ಅಂದ್ರೆ ಭಾರೀ ಎಂಜಿನ್‌ಗೆ ಸಿಲಿಕೇಟ್ ಕಮ್ಮಿ ಇರೋದು, ಆದ್ರೆ ಲೈನರ್ ಕಾಯೋ ರಾಸಾಯನಿಕ ಅದರಲ್ಲಿ ಇರಲ್ಲ, ಎಸ್‌ಸಿಎ ಅನ್ನೋ ಸೇರ್ಪಡೆನ ನಾವೇ ಅಳೆದು ಮೊದಲೇ ಹಾಕ್ಬೇಕು. ಡಿ 6210 ಅಂದ್ರೆ ಅದು ಕ್ಯಾನ್‌ನಲ್ಲೇ ಸೇರಿ ಬಂದಿರತ್ತೆ. ಇದರ ಜೊತೆ ಎಂಜಿನ್ ಮಾಡಿದವರ ಸ್ವಂತ ನಂಬರ್‌ಗಳೂ ಇರ್ತವೆ, ಕಮಿನ್ಸ್‌ನ ಸಿಇಎಸ್ 14603, ಕ್ಯಾಟರ್‌ಪಿಲ್ಲರ್‌ನ ಇಸಿ-1, ಮರ್ಸಿಡಿಸ್‌ನ ಎಂಬಿ 325 ಸಾಲು, ಹೀಗೆ. ಕ್ಯಾನ್ ಮೇಲೆ "ಈ ಸ್ಪೆಸಿಫಿಕೇಶನ್‌ಗೆ ಅಪ್ರೂವಲ್ ಇದೆ" ಅಂತ ಇರೋದಕ್ಕೂ "ಎಲ್ಲ ಗಾಡಿಗೂ ಸೂಕ್ತ" ಅಂತ ಇರೋದಕ್ಕೂ ತುಂಬ ವ್ಯತ್ಯಾಸ ಇದೆ. ಎಲ್ಲ ಗಾಡಿಗೂ ಅನ್ನೋ ಮಾತನ್ನ ನಾನಂತೂ ಇನ್ನು ನಂಬಲ್ಲ. ನಾವು ಹಾಕಿದ್ದ ಕಿತ್ತಳೆ ಕ್ಯಾನ್ ಮನೇಲೇ ಬಿದ್ದಿತ್ತು, ತಿರುಗಿಸಿ ನೋಡಿದ್ರೆ ಡಿ 3306 ಒಂದೇ.

ನಮ್ಮ ಮುಂದೆ ನಿಂತಿದ್ದು ಎರಡು ದಾರಿ. ಒಂದು, ಭಾರೀ ಡೀಸೆಲ್‌ಗೇ ಅಂತ ಬರೋ ಓಎಟಿ, ಇದರಲ್ಲಿ ಕಾರ್ಬಾಕ್ಸಿಲೇಟ್ ಲವಣಗಳು ಲೈನರ್ ಕಾಯ್ತವೆ, ನಿಧಾನಕ್ಕೆ ಖರ್ಚಾಗ್ತವೆ, ಎಸ್‌ಸಿಎ ಹಾಕೋ ಕೆಲಸ ಇಲ್ಲ, ವರ್ಷಗಟ್ಟಲೆ ಬರತ್ತೆ. ಎರಡು, ನೈಟ್ರೈಟ್ ಇರೋ ಡಿ 6210, ಇದನ್ನ ಆಗಾಗ ಅಳೀಬೇಕು, ಕಮ್ಮಿ ಆದ್ರೆ ಸೇರಿಸ್ಬೇಕು. ಕೇಳೋಕೆ ಮೊದಲನೇದೇ ಚೆನ್ನಾಗಿದೆ, ನಾನೂ ಒಂದು ವಾರ ಅದರ ಕಡೆನೇ ವಾಲಿದ್ದೆ.

ಯಾಕೆ ಬಿಟ್ವಿ ಅಂದ್ರೆ, ಮೊದಲನೇ ಕಾರಣ ಮ್ಯಾನುಯಲ್, ಅದರಲ್ಲಿ ನೈಟ್ರೈಟ್ ಇರೋ ಫುಲ್ಲಿ ಫಾರ್ಮುಲೇಟೆಡ್ (ಬೇಕಾದ ರಾಸಾಯನಿಕ ಮೊದಲೇ ಸೇರಿರೋ) ಕೂಲಂಟ್ ಅಂತ ಸ್ಪಷ್ಟವಾಗಿತ್ತು. ಎರಡನೇದು ರೇಡಿಯೇಟರ್‌ನ ಸೀಸದ ಬೆಸುಗೆ ಮತ್ತೆ ಎಂಜಿನ್‌ನ ಹಳೇ ಕಾಲದ ಸಿಲಿಕೋನ್ ಸೀಲುಗಳು, ಕೆಲವು ಓಎಟಿಗಳಿಗೂ ಇವಕ್ಕೂ ಹೊಂದಿಕೆ ಆಗಲ್ಲ. ಮೂರನೇದು ಗಾಡಿ ಬದುಕೋ ರೀತಿ, ನನ್ನ ಮಟ್ಟಿಗೆ ಇದೇ ದೊಡ್ಡದು. ಈ ಗಾಡಿ ದೂರ ಹೋಗತ್ತೆ, ದಾರಿಯಲ್ಲಿ ಕಮ್ಮಿ ಆದ್ರೆ ಸಿಕ್ಕಿದ್ದು ಹಾಕೋ ಪರಿಸ್ಥಿತಿ ಬರತ್ತೆ. ಓಎಟಿಗೆ ಬೇರೆ ಜಾತಿ ಕೂಲಂಟ್ ಕಾಲು ಭಾಗದಷ್ಟು ಸೇರಿಬಿಟ್ರೆ ಅದರ ದೀರ್ಘಾಯುಷ್ಯ ಹೋಯ್ತು ಅಂತಲೇ ಲೆಕ್ಕ, ಆದ್ರೆ ಸುಲಭಕ್ಕೆ ಅಳೆಯೋಕೆ ಅದರಲ್ಲಿ ನೈಟ್ರೈಟ್ ತರದ ಒಂದು ಗುರುತಿಲ್ಲ. ನೈಟ್ರೈಟ್ ಕೂಲಂಟ್ ಆದ್ರೆ ಸ್ಟ್ರಿಪ್ ಅದ್ದಿದ ನಿಮಿಷದಲ್ಲಿ ಕಾವಲು ಇದೆಯೋ ಇಲ್ವೋ ಗೊತ್ತಾಗತ್ತೆ. ಹೊಸ ಗಾಡಿ, ಒಬ್ಬರದೇ ಕೈ, ಬೇರೆ ಏನೂ ಸೇರಲ್ಲ ಅನ್ನೋ ಗ್ಯಾರಂಟಿ, ಮ್ಯಾನುಯಲ್ ಒಪ್ಪಿಗೆ ಇಷ್ಟಿದ್ರೆ ನಾನೂ ಓಎಟಿನೇ ಹಾಕ್ತಿದ್ದೆ.

ಇನ್ನು ನೀರು. ಕಾನ್ಸಂಟ್ರೇಟ್‌ಗೆ, ಅಂದ್ರೆ ನೀರು ಬೆರೆಸದ ಗಟ್ಟಿ ಕೂಲಂಟ್‌ಗೆ, ಡಿಸ್ಟಿಲ್ಡ್ ಅಥವಾ ಡಿಮಿನರಲೈಸ್ಡ್ ನೀರೇ ಬೇಕು. ಗಡಸು ನೀರಿನ ಕ್ಯಾಲ್ಸಿಯಂ ಮೆಗ್ನೀಸಿಯಂ ಬಿಸಿ ಗೋಡೆಗೆ ಕಲ್ಲಿನ ಪದರ ಆಗಿ ಕೂರತ್ತೆ, ಫಾಸ್ಫೇಟ್ ಇದ್ರೆ ಅದರ ಜೊತೆ ಸೇರಿ ಇನ್ನೂ ಬೇಗ. ನಮ್ಮ ಹಳೇ ಲೈನರ್‌ಗಳ ಮೇಲ್ಭಾಗದಲ್ಲಿ ಆ ಬಿಳಿ ಪದರ ಉಗುರಿಗೆ ಸಿಗೋ ಅಷ್ಟಿತ್ತು. ಮತ್ತೆ ಕಾನ್ಸಂಟ್ರೇಟ್ ಜಾಸ್ತಿ ಹಾಕಿದಷ್ಟೂ ಒಳ್ಳೇದು ಅನ್ನೋದೂ ತಪ್ಪು. ಶಾಖ ಹೊರೋದ್ರಲ್ಲಿ ನೀರೇ ಗಟ್ಟಿ, ಎಥಿಲೀನ್ ಗ್ಲೈಕಾಲ್ ಹೊರೋದು ನೀರಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಚಳಿಗೂ ಹಾಗೇ, ಅರ್ಧ ಅರ್ಧ ಬೆರೆಸಿದ್ರೆ ಮೈನಸ್ 37 ಡಿಗ್ರಿ ತನಕ ಹೆಪ್ಪುಗಟ್ಟಲ್ಲ, ಬರೀ ಗ್ಲೈಕಾಲ್ ಆದ್ರೆ ಮೈನಸ್ 13 ರ ಹತ್ತಿರಾನೇ ಗಟ್ಟಿ ಆಗತ್ತೆ. ಮಂಜು ಬೀಳದ ಕಡೆ ಇದೆಲ್ಲ ಯಾಕೆ, ನೀರೇ ಸಾಕು ಅನ್ನೋರು ಇದಾರೆ, ಅವರಿಗೆ ನಾನು ಆ ಮೂರನೇ ಲೈನರ್ ತೋರಿಸ್ತೀನಿ, ಅದನ್ನ ಎತ್ತಿಟ್ಟಿದ್ದೀನಿ.

ತುಂಬೋದ್ರಲ್ಲಿ ಒಂದು ಲೆಕ್ಕ ಇದೆ, ಬಹಳ ಜನ ಇಲ್ಲೇ ಎಡವೋದು. ಎಂಜಿನ್ ಕಟ್ಟಿದ ಮೇಲೆ ರೇಡಿಯೇಟರ್, ಹೀಟರ್‌ನಲ್ಲಿ ಹಳೇ ಕೆಸರು ಇರಬಾರದು ಅಂತ ಡಿಸ್ಟಿಲ್ಡ್ ನೀರು ತುಂಬಿ, ಥರ್ಮೋಸ್ಟಾಟ್ (ಬಿಸಿಯಾದಾಗ ರೇಡಿಯೇಟರ್ ಕಡೆ ದಾರಿ ಬಿಡೋ ವಾಲ್ವ್) ತೆರೆಯೋ ತನಕ ಓಡಿಸಿ, ಆರಿದ ಮೇಲೆ ಇಳಿಸಿ, ಹೀಗೆ ನೀರು ತಿಳಿಯಾಗಿ ಬರೋ ತನಕ ಮೂರು ಸಲ ಮಾಡಿದ್ವಿ. ಕೊನೇ ಸಲ ಇಳಿದ ನೀರು ಅಳೆದ್ರೆ 16 ಲೀಟರ್. ಸಿಸ್ಟಮ್ ಹಿಡಿಯೋದು 24, ಅಂದ್ರೆ 8 ಲೀಟರ್ ಬರೀ ನೀರು ಬ್ಲಾಕ್ ಮೂಲೆ, ಹೀಟರ್ ಪೈಪ್‌ಗಳಲ್ಲಿ ಉಳಿದಿದೆ. ಈಗ ರೆಡಿ ಮಿಕ್ಸ್ ಕ್ಯಾನ್ ತಂದು 16 ಲೀಟರ್ ಸುರಿದಿದ್ರೆ ಅದರಲ್ಲಿ ಕಾನ್ಸಂಟ್ರೇಟ್ ಇರೋದು 8 ಲೀಟರ್, 24 ರಲ್ಲಿ 8 ಅಂದ್ರೆ ಶೇಕಡ 33, ನೈಟ್ರೈಟ್ ಕೂಡ ಅದೇ ಪ್ರಮಾಣದಲ್ಲಿ ಕಮ್ಮಿ. ಹೊಸ ಕೂಲಂಟ್ ಹಾಕಿದ್ವಿ ಅಂತ ಸಮಾಧಾನವಾಗಿ ಇರ್ತೀವಿ, ಒಳಗೆ ಮೊದಲ ದಿನದಿಂದಾನೇ ತೆಳು. ಅದಕ್ಕೆ ನಾವು ಕಾನ್ಸಂಟ್ರೇಟ್ ತಂದು ಮೊದಲು 12 ಲೀಟರ್ ಅದನ್ನ, ಆಮೇಲೆ 4 ಲೀಟರ್ ಡಿಸ್ಟಿಲ್ಡ್ ನೀರು ಹಾಕಿದ್ವಿ. ತುಂಬೋವಾಗ ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಮೇಲಿನ ಏರ್ ಸ್ಕ್ರೂ ಬಿಚ್ಚಿ, ಗುಳ್ಳೆ ನಿಲ್ಲೋ ತನಕ ನಿಧಾನಕ್ಕೆ. ಕ್ಯಾಪ್ ಹೊಸದು, ಮ್ಯಾನುಯಲ್ ಹೇಳಿದ ಒತ್ತಡದ್ದೇ. ಎರಡು ದಿನ ಓಡಿಸಿ ಗ್ಲೈಕಾಲ್ ಪ್ರಮಾಣ ಅಳೆಯೋ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಿದ್ರೆ ಶೇಕಡ 50, ಸ್ಟ್ರಿಪ್‌ನಲ್ಲಿ ನೈಟ್ರೈಟ್ 1200 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 1200 ಭಾಗ) ದಾಟಿತ್ತು.

ಹಳೇ ಕೂಲಂಟ್ ಬಗ್ಗೆ ಒಂದು ಮಾತು. ಎಥಿಲೀನ್ ಗ್ಲೈಕಾಲ್ ರುಚಿ ಸಿಹಿ, ನಾಯಿ ಬೆಕ್ಕು ನೆಕ್ತವೆ, ಮಕ್ಕಳೂ ಬಾಯಿಗೆ ಹಾಕ್ಕೋಬಹುದು, ಅದು ಕಿಡ್ನಿ ಹಾಳು ಮಾಡೋ ವಿಷ, ಸ್ವಲ್ಪ ಕುಡಿದ್ರೂ ಪ್ರಾಣ ಹೋಗಬಹುದು. ಚರಂಡಿಗೆ ಬಿಡಬೇಡಿ, ತೆರೆದ ಬಕೆಟ್‌ನಲ್ಲಿ ಒಂದು ಗಂಟೆ ಕೂಡ ಇಡಬೇಡಿ. ನಾವು ಮುಚ್ಚಳ ಇರೋ ಕ್ಯಾನ್‌ಗೆ ತುಂಬಿ ಮೇಲೆ ವಿಷ ಅಂತ ಬರೆದು, ಹಳೇ ಆಯಿಲ್ ತಗೊಳ್ಳೋರ ಹತ್ರ ಬೇರೆಯಾಗಿ ಕೊಟ್ವಿ.

ರಿಫ್ರಾಕ್ಟೋಮೀಟರ್ ನೋಡಿ ಸುಮ್ಮನಾಗೋದೂ ಸಾಲದು, ಅದು ಹೇಳೋದು ಗ್ಲೈಕಾಲ್ ಎಷ್ಟಿದೆ ಅಂತ ಮಾತ್ರ. ಹಾಗಂತ ಎಸ್‌ಸಿಎನ ಕಣ್ಣಂದಾಜಲ್ಲಿ ಸುರಿಯೋದೂ ಅಪಾಯ, ಅತಿಯಾದ್ರೆ ಲವಣ ಗಟ್ಟಿಯಾಗಿ ಬಿದ್ದು ರೇಡಿಯೇಟರ್ ಕೊಳವೆ ಕಟ್ಟತ್ತೆ, ವಾಟರ್ ಪಂಪ್ ಸೀಲ್ ಸವೆಯತ್ತೆ. ನಮ್ಮ ಸ್ಟ್ರಿಪ್ ಡಬ್ಬಿ ಪ್ರಕಾರ ನೈಟ್ರೈಟ್ 800 ಪಿಪಿಎಂಗಿಂತ ಕೆಳಗೆ ಬಂದ್ರೆ ಮಾತ್ರ ಸೇರಿಸ್ಬೇಕು. ಪ್ರತಿ ಆಯಿಲ್ ಚೇಂಜ್‌ಗೆ ಒಂದು ಸ್ಟ್ರಿಪ್, ಅದ್ದಿ ಡಬ್ಬಿ ಮೇಲೆ ಹೇಳಿದಷ್ಟೇ ಹೊತ್ತು ಕಾದು ಓದೋದು, ಲೇಟಾಗಿ ಓದಿದ್ರೆ ಬಣ್ಣ ಬೇರೆ ತೋರಿಸತ್ತೆ, ಎಕ್ಸ್‌ಪೈರಿ ಡೇಟ್ ನೋಡೋದು. ಜೊತೆಗೆ ಇಳಿಸಿದ ಆಯಿಲ್‌ನ ಸ್ಯಾಂಪಲ್ ಲ್ಯಾಬ್‌ಗೆ ಕಳಿಸ್ತೀವಿ, ಅದರಲ್ಲಿ ಸೋಡಿಯಂ ಅಥವಾ ಪೊಟ್ಯಾಸಿಯಂ ಏರಿದ್ರೆ ಕೂಲಂಟ್ ಒಳಗೆ ಬರ್ತಾ ಇದೆ ಅಂತ ಡಿಪ್‌ಸ್ಟಿಕ್ ಹೇಳೋಕೆ ಬಹಳ ಮುಂಚೆನೇ ಗೊತ್ತಾಗತ್ತೆ. ಇದೊಂದು ಅಭ್ಯಾಸ ಮೊದಲೇ ಇದ್ದಿದ್ರೆ ಎಂಜಿನ್ ಬಿಚ್ಚೋ ದಿನ ಇನ್ನೂ ಮುಂಚೆನೇ ಬರ್ತಿತ್ತು, ಬೇರಿಂಗ್‌ಗಳನ್ನ ಉಳಿಸ್ಕೋಬಹುದಿತ್ತು.

ತಮ್ಮ ಕ್ಯಾನ್‌ನ ಲೇಬಲ್ ಕತ್ತರಿಸಿ ಪ್ಲಾಸ್ಟಿಕ್ ಹೊದಿಸಿ ರೇಡಿಯೇಟರ್ ಪಕ್ಕ ಅಂಟಿಸಿದಾನೆ, ಯಾವ ಕೈ ಕ್ಯಾಪ್ ತೆಗೆದ್ರೂ ಮೊದಲು ಅದು ಕಾಣಬೇಕು ಅಂತ. ಗಾಡಿಯಲ್ಲಿ 5 ಲೀಟರ್ ಅದೇ ಕೂಲಂಟ್ ಬೆರೆಸಿದ್ದು ಇರತ್ತೆ.

ಮೊನ್ನೆ ಎರಡನೇ ಆಯಿಲ್ ಚೇಂಜ್ ಆಯ್ತು. ಆಯಿಲ್ ರಿಪೋರ್ಟ್ ಶುದ್ಧವಾಗಿದೆ, ನೈಟ್ರೈಟ್ ಸರಿಯಾಗೇ ಇದೆ, ಆದ್ರೆ ರಿಫ್ರಾಕ್ಟೋಮೀಟರ್‌ನಲ್ಲಿ ಶೇಕಡ 46 ಬಂತು. ಲೆಕ್ಕ ಹಾಕಿದ್ರೆ ಸುಮಾರು 2 ಲೀಟರ್ ಮಿಶ್ರಣ ಹೋಗಿ ಅದರ ಜಾಗಕ್ಕೆ ಬರೀ ನೀರು ಬಂದಿರ್ಬೇಕು. ಕೇಳಿದ್ರೆ ತಮ್ಮ ಮುಚ್ಚಿಡಲಿಲ್ಲ, ಬೆರೆಸಿಟ್ಟಿದ್ದ ಕ್ಯಾನ್ ಮನೇಲೇ ಬಿಟ್ಟು ಹೋಗಿದ್ದ ಒಂದು ಟ್ರಿಪ್‌ನಲ್ಲಿ ಡಿಸ್ಟಿಲ್ಡ್ ನೀರು ತಗೊಂಡು ಎರಡು ಲೀಟರ್ ಹಾಕಿದೀನಿ, ಪುಸ್ತಕದಲ್ಲಿ ಬರೆದಿದೀನಿ ನೋಡು ಅಂದ. ಬರೆದಿದ್ದ. ಹಾಗಾದ್ರೆ ಆ 2 ಲೀಟರ್ ಎಲ್ಲಿ ಹೋಯ್ತು ಅಂತ ಮೇಸ್ತ್ರಿ ಮತ್ತೆ ಕೈ ಪಂಪ್ ಹಾಕಿದ್ರು, ಸಂಪ್ ಕಡೆ ಏನೂ ಇಲ್ಲ, ಹೀಟರ್ ಹೋಸ್‌ನ ಕ್ಲಿಪ್ ಹತ್ರ ಒಣಗಿದ ಕೂಲಂಟ್‌ನ ಬಣ್ಣದ ಕಲೆ ಇತ್ತು. ಕ್ಲಿಪ್ ಬದಲಾಯಿಸಿ, 2 ಲೀಟರ್ ಇಳಿಸಿ 2 ಲೀಟರ್ ಕಾನ್ಸಂಟ್ರೇಟ್ ಹಾಕಿದೀವಿ, ಮುಂದಿನ ವಾರ ಮತ್ತೆ ಅಳೀಬೇಕು.